ಹತ್ತು ವಾರದ ಚಳಿ, ಭಾನುವಾರದ ಲೆಕ್ಕ

ರಾಯಚೂರಿಗೆ ಸಿಗುವ ಚಳಿ ಹೆಚ್ಚೆಂದರೆ ಹತ್ತು-ಹನ್ನೆರಡು ವಾರದ್ದು. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಬೆಳಗಿನ ಉಷ್ಣತೆ 15ರಿಂದ 18 ಡಿಗ್ರಿಗೆ ಇಳಿಯುವ ಆ ಕೆಲವು ದಿನಗಳಲ್ಲಿ ಮಾತ್ರ ಈ ಊರಲ್ಲಿ ಮನುಷ್ಯ ಮನಸಾರೆ ಓಡಬಹುದು. ಮೇ ತಿಂಗಳಲ್ಲಿ 42 ದಾಟಿದ ಬಿಸಿಲಿನಲ್ಲಿ ಇಲ್ಲಿ ನಾಯಿಯೂ ಓಡುವುದಿಲ್ಲ. ಹಾಗಾಗಿ ಚಳಿ ಬಿದ್ದ ಕೂಡಲೇ ಜಿಲ್ಲಾ ಕ್ರೀಡಾಂಗಣದ ಮಣ್ಣಿನ ಟ್ರ್ಯಾಕು, ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಕಡೆ, ಮಾವಿನಕೆರೆಯ ಸುತ್ತು, ಮಾನ್ವಿಯಲ್ಲಿ ಕಾಲುವೆ ದಂಡೆ, ದೇವದುರ್ಗದಲ್ಲಿ ಊರಾಚೆಯ ಡಾಂಬರು ಎಲ್ಲ ತುಂಬಿಕೊಳ್ಳುತ್ತವೆ. ಓಡುವವರು ಹೆಚ್ಚಾದಂತೆ ಇನ್ನೊಂದು ರೂಢಿಯೂ ಬೆಳೆದಿದೆ. ಭಾನುವಾರ ಸಂಜೆ ಮೊಬೈಲಿನ ಗುಂಪಿನಲ್ಲಿ, ಒಂದು ಪಟ್ಟಿಯಾಗಿ, ವಾರದ ಲೆಕ್ಕ ಒಪ್ಪಿಸುವುದು: ಎಷ್ಟು ದಿನ ಓಡಿದೆ, ಎಷ್ಟು ಕಿಲೋಮೀಟರ್, ಯಾವ ವೇಗ, ಎಲ್ಲಕ್ಕಿಂತ ಉದ್ದದ ಓಟ ಎಷ್ಟು. ಕೆಲವರ ಲೆಕ್ಕದ ಪಕ್ಕದಲ್ಲಿ ‘ಬರಿಗಾಲು’ ಎಂದು ಬೇರೆ ಬರೆದಿರುತ್ತದೆ.

ಈ ರೂಢಿಯನ್ನು ತೆಗೆದುಹಾಕುವಂತಿಲ್ಲ. ಐದು ಗಂಟೆಗೆ ಅಲಾರಾಂ ಆರಿಸಿ ಮತ್ತೆ ಕಂಬಳಿ ಎಳೆದುಕೊಳ್ಳುವ ಕೈಗೆ ಭಾನುವಾರದ ಪಟ್ಟಿ ನೆನಪಾದರೆ ಆ ದಿನದ ಓಟ ಉಳಿಯುತ್ತದೆ. ಒಬ್ಬನೇ ಓಡಿದವನು ಮೂರನೇ ವಾರಕ್ಕೆ ಬಿಡುತ್ತಾನೆ, ಹತ್ತು ಜನಕ್ಕೆ ಹೇಳಿಕೊಂಡವನು ಮರ್ಯಾದೆಗಾದರೂ ಮುಂದುವರಿಸುತ್ತಾನೆ. ಇಷ್ಟು ಒಪ್ಪಿಕೊಂಡ ಮೇಲೆ ಆ ಪಟ್ಟಿಯನ್ನು ಹತ್ತಿರದಿಂದ ಓದಬೇಕು. ಓದಿದರೆ ಅದರಲ್ಲಿ ಓಟಗಾರ ಕಾಣುತ್ತಾನೆ, ಅವನು ಓಡಿದ ನೆಲ ಕಾಣುವುದಿಲ್ಲ.

ವಾರದ ಒಟ್ಟು ದೂರವನ್ನೇ ತರಬೇತಿಯ ಅಳತೆಗೋಲು ಮಾಡಿಕೊಂಡದ್ದು ನಾವಲ್ಲ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಮಧ್ಯಮ ದೂರದ ಓಟಗಾರರಿಂದಲೂ ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್ ಓಡಿಸಿದರು. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಗೆದ್ದ ಮೇಲೆ ಆ ಲೆಕ್ಕ ಜಗತ್ತೆಲ್ಲ ಹಬ್ಬಿತು. ಚಳಿದೇಶಗಳಲ್ಲಿ ಇದಕ್ಕೊಂದು ಅರ್ಥವಿದೆ. ಅಲ್ಲಿ ಹಿಮ ಬಿದ್ದಾಗ ಜೋರಾಗಿ ಓಡಲಾಗದು, ನಿಧಾನವಾಗಿ ದೂರ ಓಡಿ ಬುನಾದಿ ಹಾಕಿಕೊಂಡು ವಸಂತದಲ್ಲಿ ವೇಗಕ್ಕೆ ಕೈಹಾಕುತ್ತಾರೆ. ನಮ್ಮದು ಪೂರಾ ಉಲ್ಟಾ. ರಾಯಚೂರಿನವನಿಗೆ ಜೋರಾಗಿ ಓಡಲು ಸಿಗುವುದೇ ಚಳಿ, ಮುಂದೆ ಬರುವ ವಸಂತ ಕಾದ ಹಂಚು. ಫೋನಿನಲ್ಲಿ ಸಿಗುವ ತಯಾರಾದ ವೇಳಾಪಟ್ಟಿ ಇಟ್ಟುಕೊಂಡು ಡಿಸೆಂಬರ್ ತಿಂಗಳನ್ನು ‘ನಿಧಾನದ ತಿಂಗಳು’ ಎಂದು ಕಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇದ್ದ ಒಂದು ಒಳ್ಳೆಯ ಹಂಗಾಮನ್ನು ಬೇರೆ ಊರಿನ ಪಂಚಾಂಗ ನೋಡಿ ಕಳೆದಂತಾಯಿತು.

ಚಳಿಗಾಲದ ಪಟ್ಟಿಯ ದೊಡ್ಡ ಮೋಸ ಇನ್ನೊಂದಿದೆ, ಅದು ಯಾರೂ ಬೇಕೆಂದು ಮಾಡುವುದಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಒಬ್ಬರು ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡಿನಂತೆ ಓಡಿದರು, ಡಿಸೆಂಬರ್ ಕೊನೆಗೆ 6 ನಿಮಿಷ 10 ಸೆಕೆಂಡಿಗೆ ಬಂದರು ಎಂದಿಟ್ಟುಕೊಳ್ಳಿ. ಗುಂಪಿನಲ್ಲಿ ಚಪ್ಪಾಳೆ, ಬಾವುಟ, ಬೆಂಕಿಯ ಚಿತ್ರ. ಆದರೆ ಆ ಮೂವತ್ತು ಸೆಕೆಂಡಿನಲ್ಲಿ ಕಾಲಿನ ಪಾಲೆಷ್ಟು, ಹವೆಯ ಪಾಲೆಷ್ಟು? ಬಿಸಿಯಲ್ಲಿ ಓಡುವಾಗ ರಕ್ತದ ಒಂದು ಪಾಲು ಮೈ ತಂಪು ಮಾಡಲು ಚರ್ಮದ ಕಡೆ ಹರಿಯುತ್ತದೆ, ಅದೇ ವೇಗಕ್ಕೆ ಎದೆಬಡಿತ ಹೆಚ್ಚಾಗುತ್ತದೆ. ಹವೆ ಏಳೆಂಟು ಡಿಗ್ರಿ ಇಳಿದರೆ ಏನೂ ತರಬೇತಿ ಇಲ್ಲದೆಯೂ ಓಟ ಹಗುರಾಗುತ್ತದೆ. ವಾರವಾರಕ್ಕೂ ಇಳಿಯುವ ಉಷ್ಣತೆ ವಾರವಾರಕ್ಕೂ ಏರುವ ಪ್ರಗತಿಯಾಗಿ ಪಟ್ಟಿಯಲ್ಲಿ ಕೂತಿರುತ್ತದೆ. ಫೆಬ್ರವರಿಯಲ್ಲಿ ಅದೇ ಮನುಷ್ಯ ಮತ್ತೆ 6 ನಿಮಿಷ 30 ಸೆಕೆಂಡಿಗೆ ಜಾರಿದಾಗ ತಾನು ಕೆಟ್ಟೆ ಎಂದುಕೊಂಡು ಓಟವನ್ನೇ ಬಿಡುತ್ತಾನೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ಅದರ ಹಿಂದೆ ನಮ್ಮ ಓಟಗಾರರೂ ಓಡಿಹೋಗುವುದು ಇದೇ ಕಾರಣಕ್ಕೆ. ಉಷ್ಣತೆಯನ್ನು ಬರೆಯದ ವೇಗಕ್ಕೆ ಈ ಜಿಲ್ಲೆಯಲ್ಲಿ ಬೆಲೆ ಕಡಿಮೆ.

ಪಟ್ಟಿಯಲ್ಲಿ ಎರಡು ಬಗೆಯ ಜನ ಇದ್ದಾರೆ. ಒಂದು, ನಲವತ್ತು ದಾಟಿದ ಡಾಕ್ಟರು, ಮೇಷ್ಟ್ರು, ಅಡತಿ ವ್ಯಾಪಾರಿ, ಬ್ಯಾಂಕಿನವರು. ಸಕ್ಕರೆ ಕಾಯಿಲೆಗೋ ಹೊಟ್ಟೆಗೋ ಹೆದರಿ ಶುರುಮಾಡಿ, ಈಗ ಜನವರಿಯ ಮುಂಬೈ ಮ್ಯಾರಥಾನ್ ಅಥವಾ ಬೇಸಿಗೆಯ ಬೆಂಗಳೂರು ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟವರು. ಇನ್ನೊಂದು, ಪೊಲೀಸು ಮಿಲಿಟರಿ ಭರ್ತಿಗೆ ಕಾದಿರುವ ಹುಡುಗರು. ದೇವದುರ್ಗ, ಮಾನ್ವಿಗಳಲ್ಲಿ ಬೆಳಗಿನ ಓಟ ಎಂದರೆ ಬಹುಪಾಲು ಇವರದೇ. ಇವರಿಗೆ ವಾರದ ಕಿಲೋಮೀಟರ್ ಬೇಕಿಲ್ಲ. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಗಂಡಸರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ಸುತ್ತಿಗೆ 97.5 ಸೆಕೆಂಡು, ನಾಲ್ಕು ಸುತ್ತು. ಮೂರನೇ ಸುತ್ತಿನಲ್ಲಿ ಮೂರು ಸೆಕೆಂಡು ಸೋತವನ ನೌಕರಿ ಅಲ್ಲಿಗೇ ಹೋಯಿತು. ಇಂಥ ಹುಡುಗ ವಾರಕ್ಕೆ 25 ಕಿಲೋಮೀಟರ್ ಓಡಿ ಪಟ್ಟಿಯ ತಳದಲ್ಲಿರುತ್ತಾನೆ, 60 ಕಿಲೋಮೀಟರ್ ಕುಕ್ಕುಲೋಟ ಓಡಿದ ಸಾಹೇಬರು ತುದಿಯಲ್ಲಿರುತ್ತಾರೆ. ಇಬ್ಬರನ್ನೂ ಒಂದೇ ಏಣಿಗೆ ಹತ್ತಿಸಿದ ಪಟ್ಟಿ ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ.

ಬರಿಗಾಲಿನ ವಿಷಯಕ್ಕೆ ಬಂದರೆ ಈ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಕ್ರೀಡಾಂಗಣದ ಕಟ್ಟೆಯ ಮೇಲೆ ದೇವದುರ್ಗ ಕಡೆಯ ಒಬ್ಬ ಹುಡುಗ ಎಡಗಾಲನ್ನು ಬಲತೊಡೆಯ ಮೇಲಿಟ್ಟುಕೊಂಡು, ಶರ್ಟಿನ ಒಳಗೆ ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿ, ಹಿಮ್ಮಡಿಯಲ್ಲಿ ಮುರಿದ ಜಾಲಿಮುಳ್ಳು ಕೆದಕುತ್ತಿದ್ದ. ಮುಳ್ಳಿನ ತಲೆ ಕಾಣದಿದ್ದಾಗ ಉಗುಳು ಹಚ್ಚಿ ಒರಸಿ ಮತ್ತೆ ನೋಡುತ್ತಿದ್ದ. ಬೂಟು ಪಕ್ಕದಲ್ಲೇ ಇತ್ತು. ಯಾಕೆ ಹಾಕಲಿಲ್ಲ ಎಂದರೆ, “ಅವು ಹಾಕ್ಕೊಂಡ್ರ ಕಾಲು ಭಾರ ಆಗ್ತಾವ್ರಿ ಸರ, ಬರಿಗಾಲಿಲೆ ಆದ್ರ ಹಗೂರ. ಮುಂದ ಸೇರಿದ್ಮ್ಯಾಲ ಅವ್ರೇ ಕೊಡ್ತಾರಲ್ಲ” ಎಂದ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2015–16ರಿಂದ ಮಕ್ಕಳಿಗೆ ಕರಿ ಬೂಟು, ಕಾಲುಚೀಲ ಕೊಡುತ್ತಾರೆ. ಆದರೂ ತಾಲ್ಲೂಕು ಕ್ರೀಡಾಕೂಟಗಳಲ್ಲಿ ಮಕ್ಕಳು ಅವನ್ನು ಗೆರೆಯ ಪಕ್ಕ ಬಿಚ್ಚಿಟ್ಟು ಓಡುತ್ತಾರೆ. ಅವು ಪ್ರಾರ್ಥನೆಗೆ ನಿಲ್ಲುವ ಬೂಟು, ಓಡುವ ಬೂಟಲ್ಲ. ಅದೇ ಟ್ರ್ಯಾಕಿನಲ್ಲಿ ಹತ್ತಾರು ಸಾವಿರದ ಬೂಟು ಮನೆಯಲ್ಲಿಟ್ಟು, ಪುಸ್ತಕ ಓದಿ ಬರಿಗಾಲಿಗೆ ಬಂದವರೂ ಓಡುತ್ತಾರೆ. ಭಾನುವಾರದ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಮಾತು, ‘ಬರಿಗಾಲು, 5 ಕಿ.ಮೀ.’

ಪುಸ್ತಕ ಓದಿ ಬಂದವರನ್ನು ನಾನು ಹಗುರಾಗಿ ನೋಡುವುದಿಲ್ಲ. ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಅವರ ‘ಬಾರ್ನ್ ಟು ರನ್’ 2009ರಲ್ಲಿ ಬಂತು. ಮರುವರ್ಷ ಜನವರಿಯಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ, ಚಿಕ್ಕಂದಿನಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಮುಂಗಾಲನ್ನು ಮೊದಲು ಊರುತ್ತಾರೆ, ಬೂಟಿನವರು ಹಿಮ್ಮಡಿ ಊರುತ್ತಾರೆ, ಮುಂಗಾಲಿನವರಿಗೆ ನೆಲದ ಮೊದಲ ಪೆಟ್ಟು ಕಡಿಮೆ ಎಂದು ತೋರಿಸಿದರು. ಅಷ್ಟರಿಂದಲೇ ಬರಿಗಾಲಿನವರಿಗೆ ಗಾಯವಾಗುವುದಿಲ್ಲ ಎಂದು ಅವರು ಹೇಳಲಿಲ್ಲ, ಜನ ಹಾಗೆ ಓದಿಕೊಂಡರು. ಬರಿಗಾಲಿನಂತೆಯೇ ಎಂದು ಮಾರಿದ ಐದು ಬೆರಳಿನ ತೆಳು ಬೂಟಿನ ಕಂಪನಿ ವಿಬ್ರಂ, ತನ್ನ ಜಾಹೀರಾತಿನ ಮಾತುಗಳ ಮೇಲಿನ ದಾವೆಯಲ್ಲಿ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು, ಮಾಮೂಲಿ ಬೂಟು ಬಿಟ್ಟು ಅಂಥ ತೆಳು ಬೂಟಿಗೆ ಬಂದ ಓಟಗಾರರನ್ನು 10 ವಾರ ಗಮನಿಸಿ, ಅನೇಕರ ಪಾದದ ಮೂಳೆಗಳ ಒಳಗೆ ಊತ ಹೆಚ್ಚಾದದ್ದನ್ನು ಎಂಆರ್‌ಐಯಲ್ಲಿ ಕಂಡರು. ಹತ್ತು ವಾರ ಎಂದರೆ ನಮ್ಮ ಇಡೀ ಚಳಿಗಾಲ. ನಲವತ್ತು ವರ್ಷ ಮೆತ್ತೆಯಲ್ಲಿ ಬೆಳೆದ ಪಾದವನ್ನು ಒಂದು ಚಳಿಗಾಲದಲ್ಲಿ ಪಳಗಿಸುತ್ತೇನೆ ಎನ್ನುವವರು ಈ ಲೆಕ್ಕವನ್ನೂ ಮುಂದಿಟ್ಟುಕೊಳ್ಳಬೇಕು.

“ನಮ್ಮ ಹಿರಿಯರು ಬರಿಗಾಲಲ್ಲೇ ಶ್ರೀಶೈಲಕ್ಕೆ ಹೋಗಲಿಲ್ಲವೇ” ಎನ್ನುವ ವಾದ ನಮ್ಮ ಕಡೆ ಪ್ರತಿ ಗುಂಪಿನಲ್ಲೂ ಏಳುತ್ತದೆ. ಹೋದರು, ಈಗಲೂ ಯುಗಾದಿಗೆ ಮುಂಚೆ ಸಾವಿರಾರು ಜನ ಈ ಜಿಲ್ಲೆಯ ರಸ್ತೆಗಳಲ್ಲಿ ಮಲ್ಲಯ್ಯನ ಹೆಸರು ಹೇಳಿಕೊಂಡು ನಡೆಯುತ್ತಾರೆ. ಮಾನ್ವಿ ಸೀಮೆಯ ವಿಜಯದಾಸರು, ಜಗನ್ನಾಥದಾಸರ ಪರಂಪರೆಯೂ ನಡೆದೇ ಊರೂರು ಸುತ್ತಿದ್ದು. ಆದರೆ ಅದು ನಡಿಗೆ. ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಗಾಳಿಯಲ್ಲಿದ್ದು, ಮೈಭಾರದ ಎರಡು-ಮೂರು ಪಟ್ಟು ಒಂದೇ ಕಾಲಿನ ಮೇಲೆ ಬೀಳುತ್ತದೆ. ಪಾದಯಾತ್ರೆ ಮುಗಿಸಿದವರ ಅಂಗಾಲನ್ನು ಎದುರಿಗೆ ಕೂತು ನೋಡಿದವರು ಈ ಉದಾಹರಣೆಯನ್ನು ಸುಲಭಕ್ಕೆ ಎತ್ತುವುದಿಲ್ಲ. ದಾರಿಯುದ್ದಕ್ಕೂ ಬೊಬ್ಬೆಗೆ ಮುಲಾಮು ಹಚ್ಚುವ ಸೇವೆಗೆ ಭಕ್ತರು ಪೆಂಡಾಲು ಹಾಕುವುದು ಸುಮ್ಮನೆ ಅಲ್ಲ.

ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ಒಲಿಂಪಿಕ್ಸ್‌ನಲ್ಲಿ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಮ್ಯಾರಥಾನ್ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಬೂಟು ಹಾಕಿ ಅದಕ್ಕಿಂತ ಮೂರು ನಿಮಿಷ ಬೇಗ ಮುಗಿಸಿದ್ದನ್ನು ಯಾಕೋ ಬಿಡುತ್ತಾರೆ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೆಸರಿನಲ್ಲಿ ಬರಿಗಾಲಲ್ಲಿ 142.5 ಮೀಟರನ್ನು 13.62 ಸೆಕೆಂಡಿಗೆ ಓಡಿದ್ದಿದೆ. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಮಾಡಿದರು, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಎಂದು ದೇಶವೆಲ್ಲ ಕುಣಿಯಿತು. ಕೇಂದ್ರದ ಕ್ರೀಡಾ ಇಲಾಖೆ ಟ್ರಯಲ್ಸ್‌ಗೆ ಕರೆದರೆ ಗೌಡರು ಹೋಗಲಿಲ್ಲ. ಮುಂದೆ ಕೋಣ, ಕೈಯಲ್ಲಿ ಹಗ್ಗ, ಕೆಳಗೆ ಕೆಸರು ಇದ್ದ ಓಟದ ಅಂಕಿಯನ್ನು ಸಿಂಥೆಟಿಕ್ ಟ್ರ್ಯಾಕಿಗೆ ಹೊತ್ತೊಯ್ದರೆ ಅದು ಅಂಕಿಯಾಗಿ ಉಳಿಯುವುದಿಲ್ಲ ಎಂಬುದು ಆ ಗದ್ದಲದಲ್ಲಿ ಅವರೊಬ್ಬರಿಗೆ ಗೊತ್ತಿತ್ತು ಎನಿಸುತ್ತದೆ.

ಇಷ್ಟಾದರೂ ಬರಿಗಾಲಿನ ಲೆಕ್ಕವೇ ಆ ಪಟ್ಟಿಯಲ್ಲಿ ಹೆಚ್ಚು ಪ್ರಾಮಾಣಿಕವಾಗಬಲ್ಲದು ಎಂಬುದು ನನ್ನ ತೀರ್ಮಾನ. ಯಾಕೆಂದರೆ ನೆಲ ಹೇಳದೆ ಅದನ್ನು ಸರಿಯಾಗಿ ಬರೆಯಲಾಗುವುದಿಲ್ಲ. ಮಾನ್ವಿಯ ಕಾಲುವೆ ದಂಡೆಯ ಎರೆಮಣ್ಣು ಬೆಳಗಿನ ಇಬ್ಬನಿಗೆ ಮೆತ್ತಗಿರುತ್ತದೆ, ಅಲ್ಲಿ ಮೂರು ಕಿಲೋಮೀಟರ್ ಸಲೀಸು. ಅದೇ ಊರಿನ ರಸ್ತೆಯಲ್ಲಿ ಭತ್ತದ ಕೊಯ್ಲಿನ ಮಿಷನ್ ಉದುರಿಸಿಹೋದ ಹೆಂಟೆ ಒಣಗಿದರೆ ಅರ್ಧ ಕಿಲೋಮೀಟರೂ ಕಷ್ಟ. ದೇವದುರ್ಗದ ಕಡೆ ಬಂಡಿಯಿಂದ ಬಿದ್ದ ಹತ್ತಿಕಟ್ಟಿಗೆಯ ಚೂರು, ಎರಡೂ ಬದಿಯ ಬಳ್ಳಾರಿ ಜಾಲಿ. ಡಾಂಬರು ಡಿಸೆಂಬರಿನಲ್ಲಿ ಬೆಳಿಗ್ಗೆ ತಣ್ಣಗೆ, ಮಾರ್ಚಿನಲ್ಲಿ ಹೊತ್ತೇರಿದರೆ ಬಾಣಲೆ. ಇನ್ನು ಚಳಿಗೆ ಹಿಮ್ಮಡಿ ಒಡೆಯುವುದು ಬೇರೆ. ಹಿಮದ ದೇಶದವರು ಬೆರಳು ಮರಗಟ್ಟುವ ಬಗ್ಗೆ ಬರೆಯುತ್ತಾರೆ, ನಮ್ಮದು ಸೀಳಿದ ಹಿಮ್ಮಡಿಯೊಳಗೆ ಮರಳು ಹೊಗುವ ಕಥೆ. ರಾತ್ರಿ ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗುವವರು ಅದನ್ನು ಪಟ್ಟಿಯಲ್ಲಿ ಬರೆಯುವುದಿಲ್ಲ, ಬರೆಯಬೇಕು. ‘ಈ ವಾರ ಬರಿಗಾಲು 800 ಮೀಟರ್, ಕಾಲುವೆ ಮಣ್ಣು, ಎಡ ಮೀನಖಂಡ ಹಿಡಿಯಿತು, ಎರಡು ದಿನ ಬಿಟ್ಟೆ’ ಎಂಬ ಒಂದು ಸಾಲಿನಲ್ಲಿ 60 ಕಿಲೋಮೀಟರಿನ ಸಾಲಿಗಿಂತ ಹೆಚ್ಚು ಓದಲು ಸಿಗುತ್ತದೆ. ಸಕ್ಕರೆ ಕಾಯಿಲೆಯವರ ಮಾತು ಮಾತ್ರ ಬೇರೆ. ಅಂಗಾಲಿನ ಸ್ಪರ್ಶ ಕಡಿಮೆಯಾದವರಿಗೆ ಮುಳ್ಳು ಚುಚ್ಚಿದ್ದೇ ತಿಳಿಯುವುದಿಲ್ಲ, ಅವರಿಗೆ ಬರಿಗಾಲಿನ ಹುರುಪು ಹಚ್ಚುವುದು ತಪ್ಪು. ಚಪ್ಪಾಳೆ ಹೊಡೆಯುವ ಮುನ್ನ ಗುಂಪಿನ ಡಾಕ್ಟರುಗಳಾದರೂ ಒಂದು ಮಾತು ಕೇಳಬೇಕು.

ಪಟ್ಟಿಯಲ್ಲಿ ಇಲ್ಲದವರ ಬಗ್ಗೆ ಎರಡು ಮಾತು. ಕಾನ್‌ಸ್ಟೆಬಲ್ ಭರ್ತಿಗೆ ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು, ಓಡುವ ಹುಡುಗಿಯರು ಮೂರೂ ಊರಲ್ಲಿದ್ದಾರೆ. ಅವರು ಲೆಕ್ಕ ಹಾಕುವುದು ಅಪರೂಪ, ಅದರಲ್ಲಿ ಜಾಣತನವಿದೆ. ಓಟದ ಆ್ಯಪು ವೇಗದ ಜೊತೆಗೆ ದಾರಿಯನ್ನೂ ಹೊತ್ತನ್ನೂ ನಕ್ಷೆಯಲ್ಲಿ ತೋರಿಸುತ್ತದೆ. ಸ್ಟ್ರಾವಾ ಕಂಪನಿಯ ನಕ್ಷೆಯಿಂದ ಸೈನ್ಯದ ನೆಲೆಗಳೇ ಬಯಲಾದ ಸುದ್ದಿ 2018ರ ಜನವರಿಯಲ್ಲಿ ಜಗತ್ತೆಲ್ಲ ಓಡಾಡಿತು. ಕತ್ತಲಿರುವಾಗ ಒಬ್ಬಳೇ ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದನ್ನು ಇನ್ನೂರು ಜನರ ಗುಂಪಿಗೆ ಹೇಳಬೇಕೆಂದು ಯಾವ ನಿಯಮವೂ ಇಲ್ಲ. ಸಮಯ ಮಾತ್ರ ಹಾಕಿ ನಕ್ಷೆ ಬಿಡುವ ರೂಢಿಯನ್ನು ಗಂಡಸರೇ ಮೊದಲು ಶುರುಮಾಡಿದರೆ ಹುಡುಗಿಯರಿಗೂ ದಾರಿ ಸಲೀಸಾಗುತ್ತದೆ.

ಇನ್ನು ಪಟ್ಟಿ ನಿಲ್ಲಿಸುವ ಕಾಲ. ಸಂಕ್ರಾಂತಿ ಮುಗಿದು, ಮುಂಬೈಗೆ ಹೋದವರು ಪದಕ ಕಚ್ಚಿಕೊಂಡ ಫೋಟೋ ಹಾಕಿದ ಮೇಲೆ ಭಾನುವಾರದ ಲೆಕ್ಕ ತೆಳುವಾಗಿ, ಫೆಬ್ರವರಿಗೆ ಪೂರಾ ನಿಂತುಬಿಡುತ್ತದೆ. ಚಳಿ ಕೊಟ್ಟದ್ದೆಷ್ಟು, ತಾನು ದುಡಿದದ್ದೆಷ್ಟು ಎಂದು ಬೇರ್ಪಡಿಸಿ ನೋಡಲು ಸಿಗುವುದೇ ಫೆಬ್ರವರಿ. ಅಕ್ಟೋಬರಿನ ಅದೇ ದಾರಿ, ಹೆಚ್ಚುಕಡಿಮೆ ಅದೇ ಉಷ್ಣತೆ, ಅದೇ ಹೊತ್ತು ಸಿಕ್ಕ ಒಂದು ಬೆಳಿಗ್ಗೆ ಓಡಿ ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದರೆ ನಡುವಿನ ಹತ್ತು ವಾರದ ಹುರುಪಿಗೆ ಲೆಕ್ಕ ಸಿಗುತ್ತದೆ. ಭರ್ತಿಗೆ ಕಾದ ಹುಡುಗರಿಗಂತೂ ಇದು ಬೇಕೇ ಬೇಕು, ಯಾಕೆಂದರೆ ಅವರನ್ನು ಓಡಲು ಕರೆಯುವ ದಿನ ಚಳಿಗಾಲದಲ್ಲೇ ಬರುತ್ತದೆಂಬ ಖಾತ್ರಿ ಇಲ್ಲ.