ಎರ್ಲಾಂಗ್‌ಗೆ ಸಲ್ಲದ ಹೊಗಳಿಕೆ

ನಂಬಲಾಗದ ಕೋಡನ್ನು ಓಡಿಸಿ, ಹದ ತಪ್ಪಿದರೆ ನಿಲ್ಲಿಸಿ, ಮತ್ತೆ ಎಬ್ಬಿಸುವ ಮಾತು ಬಂದರೆ ಸಾಕು, ಯಾರಾದರೊಬ್ಬರು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರು ತೆಗೆಯುತ್ತಾರೆ.

ನಿಲ್ಲಿಸುವುದರಲ್ಲಿ ಎರ್ಲಾಂಗ್ ಗಟ್ಟಿಯೇ. ಪ್ರತಿ ಪ್ರೊಸೆಸ್‌ಗೂ ತನ್ನದೇ ಹೀಪ್ ಇರುವುದರಿಂದ, ಒಂದನ್ನು ನಡುವೆಯೇ ಕೊಂದರೆ ಇನ್ನೊಂದರ ಹೀಪ್ ಕೆಡುವುದಿಲ್ಲ. ಜಾವಾದಲ್ಲಿ ಥ್ರೆಡ್ ಕೊಲ್ಲುವ 'ಸ್ಟಾಪ್' ಮೆಥಡ್ ಸೋತದ್ದು ಇಲ್ಲೇ: ಸಾಯುವ ಥ್ರೆಡ್ ಹಿಡಿದಿದ್ದ ಲಾಕ್‌ಗಳು ಬಿಡುಗಡೆಯಾಗಿ, ಅರೆಬರೆ ತಿದ್ದಿದ ಆಬ್ಜೆಕ್ಟ್‌ಗಳು ಉಳಿದವರ ಕೈಗೆ ಸಿಗುತ್ತಿದ್ದವು. 1998ರಲ್ಲೇ ಅದನ್ನು ಬಳಸಬೇಡಿ ಎಂದರು; ಜಾವಾ 20ರಲ್ಲಿ ಕರೆದರೆ ಎಕ್ಸೆಪ್ಶನ್ ಮಾತ್ರ ಬರುವಂತೆ ಮಾಡಿದರು.

ಆದರೆ ಎರ್ಲಾಂಗ್ ಸೃಷ್ಟಿಸಿದವರಲ್ಲೊಬ್ಬರಾದ ಜೋ ಆರ್ಮ್‌ಸ್ಟ್ರಾಂಗ್ ತಮ್ಮ 2003ರ ಪ್ರಬಂಧದ ಶೀರ್ಷಿಕೆಯಲ್ಲೇ ಹೇಳಿದ್ದು ಸಾಫ್ಟ್‌ವೇರ್ ತಪ್ಪುಗಳ ಬಗ್ಗೆ, ಕೇಡು ಬಗೆಯುವವರ ಬಗ್ಗೆ ಅಲ್ಲ. ಭದ್ರತೆಗೆ ಅವರು ನೆಚ್ಚಿದ್ದು ಪ್ರೊಸೆಸ್‌ನ ಹೆಸರನ್ನು: ಹೆಸರು ತಿಳಿಯದವರು ಅದನ್ನು ಮುಟ್ಟಲಾರರು. ವಿಚಾರ ಸೊಗಸಾಗಿದೆ. ಆದರೆ ರನ್‌ಟೈಮ್‌ನಲ್ಲಿ 'ಪ್ರೊಸೆಸಸ್' ಎಂಬ ಫಂಕ್ಷನ್ ಕರೆದರೆ ಆ ನೋಡ್‌ನ, ಅಂದರೆ ಓಡುತ್ತಿರುವ ಆ ಎರ್ಲಾಂಗ್ ವರ್ಚುವಲ್ ಮಷೀನ್‌ನ (ವಿಎಂ), ಪ್ರೊಸೆಸ್‌ಗಳ ಗುರುತೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ. 'ಕಿಲ್' ಸಿಗ್ನಲ್ ಕಳಿಸಲು ಯಾರ ಅಪ್ಪಣೆಯೂ ಬೇಡ. ನಾವು ಹೊರಹಾಕಬೇಕೆಂದಿರುವ ಅತಿಥಿಯೇ, ಅಂದರೆ ಆ ನಂಬಲಾಗದ ಕೋಡೇ, ಮನೆಯವರನ್ನೆಲ್ಲ ಹೊರಹಾಕಬಲ್ಲ.

ಮರುಚಾಲನೆಯ ಪಾಡು ಇನ್ನೂ ವಿಚಿತ್ರ. ಲೂಪ್‌ನಲ್ಲಿ ಹೊಸ ಹೊಸ ಆಟಮ್‌ಗಳನ್ನು (ಹೆಸರೇ ಮೌಲ್ಯವಾಗಿರುವ ಸ್ಥಿರಾಂಕಗಳನ್ನು) ಹುಟ್ಟಿಸುವ ಒಂದು ಪ್ರೊಸೆಸ್ ಇದೆ ಎನ್ನಿ. ಅದನ್ನು ಕೊಂದರೂ ಆಟಮ್‌ಗಳು ಸಾಯುವುದಿಲ್ಲ. ಅವುಗಳಿಗೆ ಗಾರ್ಬೇಜ್ ಕಲೆಕ್ಷನ್ ಇಲ್ಲ. ಸತ್ತ ಪ್ರೊಸೆಸ್‌ಗಳನ್ನು ಮತ್ತೆ ಎಬ್ಬಿಸುವ ಸೂಪರ್‌ವೈಸರ್ ಡಿಫಾಲ್ಟ್ ಆಗಿ 5 ಸೆಕೆಂಡಿಗೆ ಒಂದು ರೀಸ್ಟಾರ್ಟ್ ಸಹಿಸುತ್ತದೆ, ಅದು ಮೀರಿದರೆ ಕೈಚೆಲ್ಲುತ್ತದೆ. ಹಾಗಾಗಿ ಹತ್ತು ಸೆಕೆಂಡಿಗೊಮ್ಮೆ ಸಾಯುವ ಜಾಣನಿಗೆ ಅಡ್ಡಿಯೇ ಇಲ್ಲ. ಪ್ರತಿ ಜನ್ಮದಲ್ಲೂ ಇನ್ನಷ್ಟು ಆಟಮ್ ಸೇರುತ್ತವೆ. ಡಿಫಾಲ್ಟ್ ಮಿತಿ 10,48,576 ದಾಟಿದೊಡನೆ ಇಡೀ ವಿಎಂ ಬೀಳುತ್ತದೆ, ಕಾವಲಿಗಿದ್ದ ಸೂಪರ್‌ವೈಸರ್ ಸಮೇತ. ತಪ್ಪನ್ನು ತೊಳೆಯಲೆಂದು ಮಾಡಿದ ರೀಸ್ಟಾರ್ಟ್ ಇಲ್ಲಿ ದಾಳಿಗೇ ಕೂಲಿ ಮಾಡುತ್ತದೆ.

ಎರ್ಲಾಂಗ್‌ನ ಅಭಿಮಾನಿ ವಿಮರ್ಶಕರ ಬಳಿ ಇದಕ್ಕೆ ಉತ್ತರ ಸಿದ್ಧ: ಅತಿಥಿಗೆ ಬೇರೆ ನೋಡ್ ಕೊಡಿ. ಕೊಟ್ಟೆವು, ಆದರೆ ಒಂದೇ ಕುಕಿ (ನೋಡ್‌ಗಳ ನಡುವಿನ ಗುಟ್ಟಿನ ಪದ) ಹಂಚಿಕೊಂಡ ನೋಡ್‌ಗಳು ಒಂದರ ಮೇಲೊಂದು ಯಾವ ಫಂಕ್ಷನ್ ಬೇಕಾದರೂ ಓಡಿಸಬಲ್ಲವು. ಸರಿ, ಸಂಪರ್ಕವನ್ನೇ ಕತ್ತರಿಸಿ ಎನ್ನುತ್ತಾರೆ. ಕತ್ತರಿಸಿದ ಮೇಲೂ ಅತಿಥಿಯನ್ನು ಫೈಲುಗಳಿಂದ, ನೆಟ್‌ವರ್ಕ್‌ನಿಂದ ದೂರ ಇಡುವುದು ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್, ಎರ್ಲಾಂಗ್ ಅಲ್ಲ. ಹೊಗಳಿಕೆ ಮಾತ್ರ ಎರ್ಲಾಂಗ್ ಲೆಕ್ಕಕ್ಕೇ ಜಮೆಯಾಗುತ್ತಿದೆ. ಕೊಟ್ಟದ್ದರ ಹೊರತು ಏನನ್ನೂ ಮುಟ್ಟಲಾಗದ, ಇಂಧನ ಅಳೆದು (ಎಷ್ಟು ಆದೇಶ ಓಡಬಹುದೆಂದು ಮಿತಿ ಹಾಕಿ) ಓಡಿಸಬಹುದಾದ ವೆಬ್‌ಅಸೆಂಬ್ಲಿಯ ಬಗ್ಗೆ ಇದೇ ವಿಮರ್ಶಕರು ಬರೆಯುವುದು ಒಂದು ಪ್ಯಾರಾ, ಅದೂ ಕೊನೆಯಲ್ಲಿ.