ಎರಡನೆಯ ಪ್ರಾಶಸ್ತ್ಯದ ಮತ

1969ರ ರಾಷ್ಟ್ರಪತಿ ಚುನಾವಣೆಯ ಮಾತು ಬಂದರೆ ದೆಹಲಿಯ ಹಿರಿಯ ಕನ್ನಡಿಗರ ನಡುವೆ ಇಂದಿಗೂ ಎರಡೇ ಕಥೆಗಳು ಕೇಳಿಬರುತ್ತವೆ. ಒಂದು, ನಮ್ಮವರೇ ಆದ ನಿಜಲಿಂಗಪ್ಪನವರ ಬೆನ್ನಿಗೆ ಇಂದಿರಾ ಗಾಂಧಿಯವರು ಚೂರಿ ಹಾಕಿದರು ಎಂಬುದು. ಇನ್ನೊಂದು, ದೇಶದ ದಾರಿಗೆ ಅಡ್ಡ ಕೂತಿದ್ದ ಮುದುಕರ ಕೂಟವೊಂದನ್ನು ಆಕೆ ಎಬ್ಬಿಸಿ ಕಳಿಸಿದರು ಎಂಬುದು. ಮೊದಲನೆಯ ಕಥೆ ಹೇಳುವವರಿಗೆ ಎರಡನೆಯದನ್ನು ಹೇಳುವವರ ಪಕ್ಕದಲ್ಲಿ ಊಟದ ಪಂಕ್ತಿಗೆ ಕೂರಲು ಈಗಲೂ ಅಷ್ಟಾಗಿ ಮನಸ್ಸಿಲ್ಲ. ಐವತ್ತು ವರ್ಷ ಮೀರಿದ ಜಗಳಕ್ಕೆ ಇಷ್ಟು ಕಾವು ಎಲ್ಲಿಂದ ಬಂತು ಎಂಬ ಕುತೂಹಲದಿಂದ ಆ ಚುನಾವಣೆಯ ಕಾಗದಪತ್ರಗಳನ್ನು ಓದತೊಡಗಿದೆ. ಎರಡೂ ಕಥೆಗಳಲ್ಲಿ ಮತಪತ್ರದ ಮಾತೇ ಇಲ್ಲವೆಂಬುದು ಆಗ ಹೊಳೆಯಿತು.

ನಾನು ಆಗ ಹುಟ್ಟಿರಲಿಲ್ಲ. ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಪಕ್ಷ ರಾಜಕೀಯದಲ್ಲಿ ತೊಡಗುವುದಕ್ಕೆ ನಡತೆಯ ನಿಯಮಗಳೂ ಒಪ್ಪವು. ಆದರೆ ಹಳೆಯ ಲೆಕ್ಕವನ್ನು ಮತ್ತೊಮ್ಮೆ ಕೂಡಿ ನೋಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ಘಟನೆಗಳು ವಾಚಕರಿಗೆ ಗೊತ್ತಿರುವಂಥವೇ. ರಾಷ್ಟ್ರಪತಿ ಜಾಕಿರ್ ಹುಸೇನರು 1969ರ ಮೇ 3ರಂದು ತೀರಿಕೊಂಡರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಅಲ್ಲಿ ಪಕ್ಷದ ಸಂಸದೀಯ ಮಂಡಳಿ ಪ್ರಧಾನಿಯ ಇಚ್ಛೆಗೆ ವಿರುದ್ಧವಾಗಿ, ನಾಲ್ಕಕ್ಕೆ ಎರಡು ಮತಗಳಿಂದ, ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹೋಯಿತು. ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ನಮ್ಮ ಕರಾವಳಿಯ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಅದರಲ್ಲಿ ಸೇರಿದ್ದವು. ಮರುದಿನ ವಿ.ವಿ. ಗಿರಿಯವರು ಉಪರಾಷ್ಟ್ರಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖರನ್ನು ನಿಲ್ಲಿಸಿದವು. ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ.

ಈ ನಡುವಿನ ಒಂದು ತಿಂಗಳಲ್ಲಿ ಒಂದೇ ಪಕ್ಷದ, ಒಂದೇ ಸಾಲಿನಲ್ಲಿ ಕೂರುವ, ಎಷ್ಟೋ ಮಂದಿ ಒಂದೇ ಜೈಲಿನಲ್ಲಿ ಕಾಲ ಕಳೆದಿದ್ದ ಮತದಾರರು ಒಬ್ಬರನ್ನೊಬ್ಬರು ಶತ್ರುಗಳಂತೆ ನೋಡತೊಡಗಿದರು. ಇಲ್ಲಿ ಮತದಾರರೆಂದರೆ ಸಂಸದರು ಮತ್ತು ಶಾಸಕರು ಎಂಬುದನ್ನು ನೆನಪಿಡಬೇಕು. ಓದುಬರಹ ಬಲ್ಲವರು, ಸಂವಿಧಾನದ ಹೆಸರಿನಲ್ಲಿ ಪ್ರಮಾಣ ಮಾಡಿದವರು. ಸಾಮಾನ್ಯ ಜನರಿಗೆ ತಿಳಿವಳಿಕೆ ಕಡಿಮೆ, ಆದ್ದರಿಂದ ಚುನಾವಣೆಯಲ್ಲಿ ಹೊಡೆದಾಡುತ್ತಾರೆ ಎಂದು ಮೂಗು ಮುರಿಯುವವರು ಈ ಪ್ರಸಂಗವನ್ನು ಒಮ್ಮೆ ಓದುವುದು ಒಳ್ಳೆಯದು.

ಎರಡೂ ಕಡೆಯವರು ಒಂದೊಂದು ದೊಡ್ಡ ಪದವನ್ನು ಆಯುಧ ಮಾಡಿಕೊಂಡರು. ನಿಜಲಿಂಗಪ್ಪನವರ ಕಡೆಯ ಪದ ‘ಶಿಸ್ತು’. ಪ್ರಧಾನಿಯ ಕಡೆಯ ಪದ ‘ಆತ್ಮಸಾಕ್ಷಿ’. ನನ್ನ ತಕರಾರು ಇರುವುದು ಈ ಎರಡು ಪದಗಳ ಬಳಕೆಯ ಬಗ್ಗೆ. ಶಿಸ್ತಿನವರು ವಿಪ್ ಹೊರಡಬೇಕೆಂದು ಒತ್ತಾಯಿಸಿದರು. ಆದರೆ ರಾಷ್ಟ್ರಪತಿಯ ಚುನಾವಣೆ ಗುಪ್ತ ಮತದಾನದಿಂದ ನಡೆಯತಕ್ಕದ್ದೆಂದು ಸಂವಿಧಾನದ 55ನೆಯ ಅನುಚ್ಛೇದವೇ ಹೇಳಿದೆ. ಯಾರು ಯಾರಿಗೆ ಮತ ಕೊಟ್ಟರೆಂಬುದು ತಿಳಿಯಬಾರದ ಕಡೆ ವಿಪ್ಪಿಗೆ ಏನು ಕೆಲಸ? ಇನ್ನು ಆತ್ಮಸಾಕ್ಷಿಯವರ ವಿಷಯ. ರೆಡ್ಡಿಯವರ ನಾಮಪತ್ರಕ್ಕೆ ಪ್ರಧಾನಿಯವರೇ ಸಹಿ ಹಾಕಿದ್ದರು. ಸಹಿ ಹಾಕುವ ದಿನ ಸುಮ್ಮನಿದ್ದ ಆತ್ಮಸಾಕ್ಷಿ ಮತದಾನ ಹತ್ತಿರ ಬಂದಾಗ ಎಚ್ಚರಗೊಂಡದ್ದು ಹೇಗೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಗುಪ್ತ ಮತ ಕೊಟ್ಟಿರುವ ಕಾನೂನು ಆತ್ಮಸಾಕ್ಷಿಗೆ ಎಡೆಯನ್ನೂ ಆಗಲೇ ಕೊಟ್ಟಿತ್ತು. ಅದನ್ನು ಒಂದು ಗುಂಪಿನ ಘೋಷಣೆಯಾಗಿ ಕೂಗಬೇಕಾಗಿರಲಿಲ್ಲ. ಕೂಗಿದ ಮೇಲೆ, ಗಿರಿಯವರಿಗೆ ಮತ ಹಾಕಿದವನಿಗೆ ಮಾತ್ರ ಆತ್ಮಸಾಕ್ಷಿಯುಂಟು, ರೆಡ್ಡಿಯವರಿಗೆ ಹಾಕಿದವನು ಯಜಮಾನರ ಮಾತು ಕೇಳುವ ಆಳು ಎಂಬ ಅರ್ಥ ತಾನಾಗಿ ಹುಟ್ಟಿತು. ಅತ್ತ ಗಿರಿಯವರಿಗೆ ಹಾಕಿದವನು ಪಕ್ಷದ್ರೋಹಿಯಾದ.

ಆದರೂ ಇವು ಹೊರಗಿನ ಮಾತು. ನಿಜವಾದ ಕಹಿ ಹುಟ್ಟಿದ್ದು ಎರಡನೆಯ ಪ್ರಾಶಸ್ತ್ಯದ ಮತದಿಂದ.

ನಮ್ಮಲ್ಲಿ ಪದವೀಧರರ ಕ್ಷೇತ್ರಕ್ಕೋ ಶಿಕ್ಷಕರ ಕ್ಷೇತ್ರಕ್ಕೋ ಮತ ಹಾಕಿದವರಿಗೆ ಈ ಪದ್ಧತಿ ಗೊತ್ತು. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಮೊದಲನೆಯದು ಕಡ್ಡಾಯ, ಉಳಿದದ್ದು ಮತದಾರನ ಇಷ್ಟ. ಯಾರಿಗೂ ಬಹುಮತ ಬಾರದಿದ್ದರೆ ಕೊನೆಯವನನ್ನು ಬಿಟ್ಟು ಅವನ ಮತಪತ್ರಗಳನ್ನು ಮುಂದಿನ ಅಂಕಿಯ ಪ್ರಕಾರ ಹಂಚುತ್ತಾರೆ. ಎಂದರೆ ಆ ಕಾಗದ ಮತದಾರನನ್ನು ಒಂದು ಪ್ರಶ್ನೆ ಕೇಳುತ್ತದೆ: ನಿನ್ನವನು ಗೆಲ್ಲದಿದ್ದರೆ ಉಳಿದವರಲ್ಲಿ ಯಾರು ಪರವಾಗಿಲ್ಲ? ಎದುರು ಪಕ್ಷದವರೆಲ್ಲ ಕೆಟ್ಟವರೆಂದು ನಂಬಿದವನಿಗೆ ಈ ಪ್ರಶ್ನೆಗೆ ಉತ್ತರವಿಲ್ಲ.

ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಕಂಡು, ನಿಮ್ಮ ಮೊದಲ ಮತ ದೇಶಮುಖರಿಗೇ ಇರಲಿ, ಎರಡನೆಯದನ್ನು ರೆಡ್ಡಿಯವರಿಗೆ ಕೊಡಿ ಎಂದು ಕೇಳಿಕೊಂಡರು. ಕಾನೂನು ಒಪ್ಪಿದ, ಬಹಿರಂಗವಾಗಿಯೇ ಮಾಡಬಹುದಾದ ಕೋರಿಕೆ ಇದು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದರು ಇದನ್ನೇ ಹಿಡಿದು ಪಕ್ಷದ ಅಧ್ಯಕ್ಷರಿಂದ ವಿವರಣೆ ಕೇಳಿದರು. ಬಲಪಂಥದವರ ಜೊತೆ ಒಳಒಪ್ಪಂದವಾಗಿದೆ, ಪ್ರಧಾನಿಯನ್ನೇ ಇಳಿಸುವ ಸಂಚು ನಡೆದಿದೆ ಎಂಬ ಮಾತು ಹಬ್ಬಿತು. ಪ್ರಧಾನಿಯನ್ನು ಇಳಿಸಬೇಕೆಂಬ ಆಸೆ ಆ ಕಡೆಯವರಲ್ಲಿ ಇರಲೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಎದುರು ಪಕ್ಷದವನ ಮನೆ ಬಾಗಿಲಿಗೆ ಹೋಗಿ ಮಾತಾಡುವುದೇ ದ್ರೋಹವೆಂದು ಆ ದಿನ ತೀರ್ಪಾಯಿತಲ್ಲ, ಅದು ನಮ್ಮ ಸಾರ್ವಜನಿಕ ಜೀವನಕ್ಕೆ ಬಿದ್ದ ದೊಡ್ಡ ಪೆಟ್ಟೆಂದು ನನ್ನ ಅಭಿಪ್ರಾಯ.

ಈಗ ಲೆಕ್ಕ. ಆಗ ಒಬ್ಬ ಸಂಸದನ ಮತದ ಮೌಲ್ಯ 576. ನಮ್ಮ ಮೈಸೂರು ರಾಜ್ಯದ ಶಾಸಕನದು 109. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಸಣ್ಣಪುಟ್ಟ ಅಭ್ಯರ್ಥಿಗಳಿಗೆಲ್ಲ ಸೇರಿ 8,505. (ಅವರಲ್ಲೊಬ್ಬರಿಗೆ ಬಂದದ್ದು ಸರಿಯಾಗಿ 576. ಯಾವನೋ ಒಬ್ಬ ಸಂಸದ ಪುಣ್ಯಾತ್ಮ ಯಾರ ಶಿಸ್ತಿಗೂ ಕಿವಿಗೊಡದೆ ತನ್ನ ಆತ್ಮಸಾಕ್ಷಿಯಂತೆ ನಡೆದಿರಬೇಕು!) ಗೆಲ್ಲಲು ಬೇಕಾಗಿದ್ದದ್ದು 4,18,169. ಯಾರಿಗೂ ಅಷ್ಟು ಬರಲಿಲ್ಲ. ಆದ್ದರಿಂದ ದೇಶಮುಖರ ಹಾಗೂ ಉಳಿದವರ 1,21,274 ಮತಗಳನ್ನು ಮುಂದಿನ ಅಂಕಿಯಂತೆ ಹಂಚಬೇಕಾಯಿತು. ರೆಡ್ಡಿಯವರಿಗೆ 91,879 ಹೋದವು, ಗಿರಿಯವರಿಗೆ 18,562. ಉಳಿದ 10,833 ಇಬ್ಬರಿಗೂ ಸೇರದೆ ಹೋದವು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ನಿಜಲಿಂಗಪ್ಪನವರು ಕೇಳಿದ್ದನ್ನು ಎದುರು ಪಕ್ಷದವರು ಬಹುಮಟ್ಟಿಗೆ ಕೊಟ್ಟರು ಎಂಬುದು ಇದರಿಂದ ಸ್ಪಷ್ಟ. ಹಂಚಿಕೆಯಾದ ಮತಗಳಲ್ಲಿ ಮುಕ್ಕಾಲು ಪಾಲು ರೆಡ್ಡಿಯವರ ಕಡೆಗೇ ಬಂತು. ಕೈಬಿಟ್ಟವರು ಮನೆಯವರು. ಅಂತರ 14,650. ಕೊನೆಯ ಎಣಿಕೆಯಲ್ಲಿ ಗಿರಿಯವರ ಕಡೆ ಇದ್ದ ಹದಿಮೂರು ಸಂಸದರು ಈ ಕಡೆ ಇದ್ದಿದ್ದರೆ ಫಲಿತಾಂಶವೇ ತಿರುಗಿಬಿಡುತ್ತಿತ್ತು. ಆ ಭೇಟಿಯ ಸುದ್ದಿಯಿಂದ ಸಿಟ್ಟಾಗಿ ಹೋದವರು ಹದಿಮೂರಕ್ಕಿಂತ ಹೆಚ್ಚೋ ಕಡಿಮೆಯೋ ಮತಪೆಟ್ಟಿಗೆ ಹೇಳುವುದಿಲ್ಲ. ‘ಬೆನ್ನಿಗೆ ಚೂರಿ’ಯ ಕಥೆಗಾರರು ಎದುರು ಪಕ್ಷದವರ ಆ 91,879 ಮತಗಳ ಉಪಕಾರ ನೆನೆಯುವುದಿಲ್ಲ. ‘ಮುದುಕರ ಕೂಟ’ದ ಕಥೆಗಾರರು, ಅದೇ ಬಲಪಂಥದ ಪೆಟ್ಟಿಗೆಯಿಂದ ತಮ್ಮ ಅಭ್ಯರ್ಥಿಗೂ ಒಂದಿಷ್ಟು ಮತ ಬಂದಿರಬೇಕೆಂಬುದನ್ನು ಹೇಳುವುದಿಲ್ಲ. ಆ ಮತಗಳಿಲ್ಲದೆ ಅವರ ಲೆಕ್ಕವೂ ಮುಟ್ಟುತ್ತಿರಲಿಲ್ಲ. ಇನ್ನು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ, ನೆಹರೂ ಸಂಪುಟದಲ್ಲಿ ಹಣಕಾಸು ಸಚಿವರಾಗಿ ಬೊಂಬಾಯಿಯ ಪ್ರಶ್ನೆಗಾಗಿ ಪದವಿ ಬಿಟ್ಟ ದೇಶಮುಖರನ್ನು ಎರಡು ಕಥೆಗಳಲ್ಲೂ ಯಾರೂ ನೆನೆಯುವುದಿಲ್ಲ. ಮೂವರಲ್ಲಿ ಅವರ ಬಗ್ಗೆ ಯಾರೂ ಕೆಟ್ಟ ಮಾತಾಡಿದಂತಿಲ್ಲ. ಬಹುಶಃ ಅದಕ್ಕೇ ಮರೆತರು.

ಹಗೆ ಎಲ್ಲಿಗೆ ಮುಟ್ಟಿತೆಂದರೆ, ರೆಡ್ಡಿಯವರ ಖಾಸಗಿ ನಡತೆಯ ಮೇಲೆ ಹೊಲಸು ಎರಚಿದ ಹೆಸರಿಲ್ಲದ ಕರಪತ್ರವೊಂದು ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿಯೇ ಕೈಯಿಂದ ಕೈಗೆ ಹೋಯಿತು. ನಮ್ಮ ಕಚೇರಿಗಳಲ್ಲಿ ಹೆಸರಿಲ್ಲದ ದೂರು ಬಂದರೆ ಕಡತಕ್ಕೆ ಹಾಕಿ ಮುಚ್ಚುವುದು ರೂಢಿ. ಶಾಸನ ಮಾಡುವವರ ಮನೆಯಲ್ಲಿ ಅದನ್ನು ಓದಿ ಪಕ್ಕದವರಿಗೆ ದಾಟಿಸಿದರು. ಚುನಾವಣೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗಳಲ್ಲಿ ಈ ಕರಪತ್ರವೇ ಮುಖ್ಯ ವಿಷಯವಾಯಿತು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿಯಬೇಕಾಯಿತು. ಅರ್ಜಿಗಳು 1970ರಲ್ಲಿ ವಜಾ ಆದವು. ಬರೆದವರು ಯಾರೆಂಬುದು ಹಾಗೇ ಉಳಿಯಿತು.

ಅಂಥ ಕರಪತ್ರ ಅಚ್ಚು ಹಾಕಿಸಲು ಆಗ ಹಣ ಬೇಕಿತ್ತು, ಹಂಚಲು ಜನ ಬೇಕಿತ್ತು. ಈಗ ಬೆರಳೊಂದು ಸಾಕು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಮ್ಮ ಬಡಾವಣೆಯ ಕನ್ನಡಿಗರ ವಾಟ್ಸಾಪ್ ಬಳಗ ಇಂಥದೇ ಒಂದು ಹೆಸರಿಲ್ಲದ ಬರಹದಿಂದಾಗಿ ಎರಡಾಯಿತು. ಈಗ ಯುಗಾದಿಯ ಬೇವುಬೆಲ್ಲ ಎರಡು ಕಡೆ ಹಂಚುತ್ತಾರೆ. ಒಂದು ಕಡೆಗೆ ಹೋದರೆ ಇನ್ನೊಂದು ಕಡೆಯವರು, ‘ಏನು ರಾಯರೇ, ಅವರ ಕಡೆ ಸೇರಿದಿರಂತೆ?’ ಎಂದು ಕೇಳುತ್ತಾರೆ. ಬೇವು ಎಲ್ಲಿ ತಿಂದರೂ ಕಹಿಯೇ ಎಂದು ನಾನು ಎರಡೂ ಕಡೆ ಹೋಗುತ್ತೇನೆ. ನಮ್ಮ ಸಂಘಸಂಸ್ಥೆಗಳ ಕಾರ್ಯಕಾರಿ ಸಮಿತಿಗೆ ಚುನಾವಣೆ ನಡೆದಾಗಲೂ ಪ್ಯಾನೆಲ್ಲಿಗೆ ಪ್ಯಾನೆಲ್ಲೇ ಗೆಲ್ಲಬೇಕೆಂದು ದುಡಿಯುತ್ತೇವೆ. ಆ ಕಡೆಯ ಪಟ್ಟಿಯಲ್ಲಿರುವ ಒಳ್ಳೆಯ ನಾಟಕದವನನ್ನೋ ಲೆಕ್ಕ ಬಲ್ಲವನನ್ನೋ ಸೇರಿಸಿ ಸೋಲಿಸುತ್ತೇವೆ. ಬೈಲಾ ತಿದ್ದುಪಡಿಯ ಮಾತು ಬಂದಾಗ, 1, 2, 3 ಎಂದು ಅಂಕಿ ಬರೆಯುವ ಮತಪತ್ರವನ್ನು ನಮ್ಮಲ್ಲೂ ತರಬಾರದೇಕೆ ಎಂದು ಯಾರಾದರೂ ಸದಸ್ಯರು ಸೂಚನೆ ಮಂಡಿಸಲಿ. ಎಣಿಸುವ ಕೆಲಸಕ್ಕೆ ನಾನು ಬರುತ್ತೇನೆ.

ಕರ್ನಾಟಕಕ್ಕೆ ಈ ಹಗೆ ಇಳಿದ ರೀತಿಯೂ ವಿಚಾರ ಮಾಡತಕ್ಕದ್ದು. ನವೆಂಬರಿನಲ್ಲಿ ಕಾಂಗ್ರೆಸ್ ಎರಡಾಯಿತು. ಜಂತರ್ ಮಂತರ್ ರಸ್ತೆಯ 7ನೆಯ ನಂಬರಿನ ಕಚೇರಿ ನಿಜಲಿಂಗಪ್ಪನವರ ಕಡೆಗೆ ಉಳಿಯಿತು, ಜನ ಆ ಕಡೆಗೆ ಹೋದರು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ನಿಂತರು, ದೇವರಾಜ ಅರಸರು ಇಂದಿರಾ ಅವರ ಜೊತೆ. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಊರೂರುಗಳಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಕಾಂಗ್ರೆಸ್ಸಾದರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರು ಇಂದಿರಾ ಅವರ ಎದುರು ನಿಂತು ಸೋತರು. 1980ರಲ್ಲಿ ಆಕೆಯ ಮಂತ್ರಿಮಂಡಲದಲ್ಲಿಯೇ ಸಚಿವರಾದರು. ಅವರಿಗಾಗಿ ಚಿಕ್ಕಮಗಳೂರಿನ ಮಳೆಯಲ್ಲಿ ಓಡಾಡಿ ನೆರೆಮನೆಯವನ ಜೊತೆ ಮಾತು ಬಿಟ್ಟಿದ್ದವನಿಗೆ ಯಾರೂ ಬಂದು, ಇನ್ನು ಮಾತಾಡಬಹುದಪ್ಪ ಎಂದು ಹೇಳಲಿಲ್ಲ.

ಬೆಂಗಳೂರಿನಲ್ಲಿ ರೆಡ್ಡಿಯವರನ್ನು ವಿರೋಧಿಸಿದ ಎರಡು ಮತಗಳಲ್ಲಿ ಒಂದು ಪ್ರಧಾನಿಯದು, ಇನ್ನೊಂದು ಫಕ್ರುದ್ದೀನ್ ಅಲಿ ಅಹಮದರದು. ಅಹಮದರು 1974ರಲ್ಲಿ ತಾವೇ ರಾಷ್ಟ್ರಪತಿಯಾದರು, 1977ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ನಮ್ಮ ಬಿ.ಡಿ. ಜತ್ತಿಯವರು ಆರು ತಿಂಗಳಿಗೆ ಸ್ವಲ್ಪ ಕಡಿಮೆ ಕಾಲ ಆ ಸ್ಥಾನ ನೋಡಿಕೊಂಡರು. ಆ ಜುಲೈಯಲ್ಲಿ ಹೊಸ ರಾಷ್ಟ್ರಪತಿಗಾಗಿ 37 ಮಂದಿ ನಾಮಪತ್ರ ಸಲ್ಲಿಸಿದರು, 36 ಮಂದಿಯವು ತಿರಸ್ಕೃತವಾದವು. ಉಳಿದವರು ನೀಲಂ ಸಂಜೀವ ರೆಡ್ಡಿ. ಎಂಟು ವರ್ಷಗಳ ಹಿಂದೆ ಅವರ ವಿರುದ್ಧ ಮತ ಕೇಳಿದ್ದ ಪಕ್ಷವೂ ಈ ಸಲ ಯಾರನ್ನೂ ನಿಲ್ಲಿಸಲಿಲ್ಲ. ಜುಲೈ 25ರಂದು ಜತ್ತಿಯವರಿಂದ ಅಧಿಕಾರ ಅವರಿಗೆ ಬಂತು, ಒಂದು ಮತಪತ್ರಕ್ಕೂ ಅಂಕಿ ಬೀಳದೆ.