ಹಾಕ್ಕೊಂಡೇ ಬನ್ನಿ, ಪರವಾಗಿಲ್ಲ

ನಮ್ಮ ಕಡೆ ಮನೆಗೆ ಬಂದ ನೆಂಟರಿಗೆ ‘ಚಪ್ಪಲಿ ಬಿಡಿ’ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳುವುದು ಅದಕ್ಕೆ ತದ್ವಿರುದ್ಧವಾದ ಮಾತು. ಬಂದವರು ಹೊಸ್ತಿಲ ಬಳಿ ಬಗ್ಗಿ ಲೇಸಿಗೆ ಕೈಹಾಕುತ್ತಿದ್ದ ಹಾಗೆ ಒಳಗಿನಿಂದ ‘ಅಯ್ಯೋ, ಪರವಾಗಿಲ್ಲ, ಹಾಕ್ಕೊಂಡೇ ಬನ್ನಿ’ ಎಂಬ ದನಿ ಕೇಳುತ್ತದೆ. ಬಂದವರು ‘ಇರ್ಲಿ, ಇರ್ಲಿ’ ಎನ್ನುತ್ತ ಒಂದೇ ಕಾಲಿನ ಮೇಲೆ ನಿಂತು, ಬಾಗಿಲ ಚೌಕಟ್ಟು ಹಿಡಿದು, ಹೇಗೋ ಬಿಚ್ಚಿಯೇ ಬರುತ್ತಾರೆ. ಆ ಮಾತನ್ನು ಯಾರಾದರೂ ನಿಜವೆಂದು ನಂಬಿ, ಟಕಟಕನೆ ನಡೆದುಬಂದು ಸೋಫಾದ ಮೇಲೆ ಕುಳಿತರೋ, ಮುಗಿಯಿತು. ಕಾಫಿ ಕೊಡುವಾಗಲೂ ಮನೆಯವರ ಕಣ್ಣು ನೆಲದ ಮೇಲೆ. ಬಂದವರು ಲಿಫ್ಟ್ ಹತ್ತುವ ಮೊದಲೇ ಮಾಪ್ ಹೊರಗೆ ಬಂದಿರುತ್ತದೆ.

ಈ ಸಣ್ಣ ಸುಳ್ಳು ನನಗೆ ಇಷ್ಟ. ಮನೆಯವರು ರಿಯಾಯಿತಿ ಕೊಡುತ್ತಾರೆ, ಬಂದವರು ಅದನ್ನು ಬಳಸಿಕೊಳ್ಳುವುದಿಲ್ಲ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಈಚೆಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಮೇಲೆ ಪಾದರಕ್ಷೆಯ ಚಿತ್ರಕ್ಕೆ ಅಡ್ಡಗೆರೆ ಎಳೆದ ಫಲಕ ನೇತುಹಾಕುವುದು ಶುರುವಾಗಿದೆ. ಆಸ್ಪತ್ರೆಯ ಐಸಿಯು ಮುಂದೆ, ಹಿಂದೆಲ್ಲ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಮುಂದೆ ಇರುತ್ತಿದ್ದಂಥದ್ದು. (ಆ ಲ್ಯಾಬಿನಲ್ಲಿ ಕಂಪ್ಯೂಟರಿಗಿಂತ ಹೆಚ್ಚು ಭಯಭಕ್ತಿ ಹುಟ್ಟಿಸುತ್ತಿದ್ದದ್ದು ಹೊರಗಿನ ಚಪ್ಪಲಿಯ ರಾಶಿ.) ಫಲಕದಲ್ಲಿ ಬರೆದಿರುವುದು ತಪ್ಪಲ್ಲ. ಹೊರಗಿನ ಚಪ್ಪಲಿ ಹೊರಗೇ ಇರಬೇಕು ಎಂಬುವರ ಪೈಕಿ ನಾನೂ ಒಬ್ಬ. ನನ್ನ ತಕರಾರು ಬೇರೆ: ಈ ಪದ್ಧತಿಯಲ್ಲಿ ಬಂದವರ ಪಾಲಿನ ಕೆಲಸವನ್ನು ನಾವು ಜೋಪಾನವಾಗಿ ಉಳಿಸಿಕೊಂಡೆವು, ಮನೆಯವರ ಪಾಲಿನದನ್ನು ಮೆಲ್ಲಗೆ ಕೈಬಿಟ್ಟೆವು.

ಮನೆಯವರ ಪಾಲು ಏನಿತ್ತು ಎಂಬುದು ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು. ಮಲೆನಾಡಿನಲ್ಲಿ ಚಪ್ಪಲಿ ಅಂಗಳದಲ್ಲೇ ಉಳಿಯುತ್ತಿತ್ತು. ಜಗಲಿಯ ಮೆಟ್ಟಿಲ ಪಕ್ಕ ನೀರು ತುಂಬಿದ ಹಂಡೆ, ಅದರ ಮೇಲೊಂದು ಚೊಂಬು. ಕೈಕಾಲು ತೊಳೆದು ಮೇಲೆ ಬಂದರೆ ಕೂರಲು ಜಗಲಿ, ಬಾಯಿಗೆ ಬೆಲ್ಲ, ನೀರು. ಉತ್ತರ ಕರ್ನಾಟಕದಲ್ಲಿ ‘ಕಾಲಿಗೆ ನೀರು ತಗೋರಿ’ ಎಂದು ತಂಬಿಗೆಯನ್ನು ಕೈಗೇ ಕೊಡುತ್ತಿದ್ದರು. ಬಿಸಿಲಲ್ಲಿ ನಡೆದು ಬಂದವನಿಗೆ ಅದು ಉಪಚಾರದ ಮೊದಲ ಕಂತು, ಊಟಕ್ಕಿಂತ ಮುಂಚಿನದು. ಒಳಗಿನ ನೆಲವಾದರೂ ಎಂಥದ್ದು? ಸಗಣಿ ಸಾರಿಸಿದ್ದು, ಆಮೇಲಿನ ಕಾಲದಲ್ಲಿ ಕೆಂಪು ಗಾರೆಯದು. ಅದೇ ನೆಲದ ಮೇಲೆ ಎಲೆ ಹಾಕಿ ಉಣ್ಣುವುದು, ರಾತ್ರಿ ಅಲ್ಲೇ ಚಾಪೆ ಬಿಡಿಸಿ ಮಲಗುವುದು. ಊಟದ ಮಣೆಗೂ ಹಾಸಿಗೆಗೂ ಒಂದೇ ನೆಲವಾಗಿದ್ದಾಗ ಅದರ ಮೇಲೆ ಚಪ್ಪಲಿ ಕಾಲಿಡುವುದು ಯಾರಿಗೂ ಹೊಳೆಯುತ್ತಲೇ ಇರಲಿಲ್ಲ, ಹಾಗಾಗಿ ಯಾರೂ ಫಲಕ ಬರೆಯಬೇಕಾಗಿಯೂ ಇರಲಿಲ್ಲ.

ಚಪ್ಪಲಿಯೂ ಈ ಹೊಸ್ತಿಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ, ಊರಾಚೆಗೆಲ್ಲ ಕೊಲ್ಹಾಪುರಿ ಎಂದೇ ಹೆಸರಾದ ಚಪ್ಪಲಿಗೆ ಲೇಸಿಲ್ಲ, ಬಕಲ್ ಇಲ್ಲ. (2019ರಲ್ಲಿ ಸಿಕ್ಕ ಅದರ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳಿಗೂ ಸಮಪಾಲಿದೆ.) ಕೈ ತಾಗಿಸದೆ ಕಾಲಿಂದಲೇ ಕಳಚಬಹುದು. ಲೇಸಿನ ಷೂ ಬಂದದ್ದು ಕಚೇರಿಗಾಗಿ; ಬೆಳಿಗ್ಗೆ ಕಟ್ಟಿದ್ದನ್ನು ರಾತ್ರಿ ಬಿಚ್ಚುವುದು ಎಂಬ ಲೆಕ್ಕ ಅದರದು. ಆಫೀಸು ಮುಗಿಸಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ, ಹಾಗೇ ಹುಟ್ಟುಹಬ್ಬದ ಮನೆಗೆ ಬಂದವನು ಬಾಗಿಲಲ್ಲಿ ಷೂ ಬಿಚ್ಚಿದಾಗ ಏನು ಹೊರಬರುತ್ತದೋ ಎಂಬ ಅಂಜಿಕೆ ಅವನಿಗೆ ಮಾತ್ರ ಗೊತ್ತು. ಕಾಲುಚೀಲದ ಹೆಬ್ಬೆರಳಿನ ತೂತು ಇನ್ನೊಂದು ಕಥೆ. ಹೆಂಗಸರದು ಬೇರೆ ಕಷ್ಟ: ಹೀಲ್ಸಿನ ಎತ್ತರಕ್ಕೆ ಅಳೆದು ಉಟ್ಟ ಸೀರೆ, ಹೀಲ್ಸ್ ಬಿಟ್ಟ ತಕ್ಷಣ ಎರಡು ಇಂಚು ನೆಲದ ಮೇಲೆ ಎಳೆಯುತ್ತದೆ. ಆ ಹೊತ್ತಿನಲ್ಲಿ ತಂಬಿಗೆ ನೀರು ಕೊಟ್ಟು ಹಿತ್ತಲ ಕಡೆ ಕೈತೋರಿಸುವವರು ಯಾರು?

ಹಳೆಯದನ್ನು ಹೊಗಳುತ್ತ ಹೋದರೆ ಅದರ ಇನ್ನೊಂದು ಮಗ್ಗುಲು ಮರೆಯಾಗುತ್ತದೆ. ಆ ಜಗಲಿಯ ತನಕ ಎಲ್ಲರೂ ಬರುವ ಹಾಗಿರಲಿಲ್ಲ. ದಲಿತರು ಮೇಲ್ಜಾತಿಯವರ ಕೇರಿಯಲ್ಲಿ ಹಾದುಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಿತ್ತು. ಅದನ್ನು ಹೊಲಿದವರೂ ಅವರೇ. ಕೇರಿ ಯಾರ ಮನೆಯೂ ಅಲ್ಲ, ಅಲ್ಲಿ ಸಾರಿಸಿದ ನೆಲವೂ ಇರಲಿಲ್ಲ. ಅಂದರೆ ಅಲ್ಲಿ ಬಿಡಿಸುತ್ತಿದ್ದದ್ದು ಧೂಳನ್ನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯಲ್ಲಿ ಸಮಗಾರ ಹರಳಯ್ಯ ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದಾಗ, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡನೆನ್ನುತ್ತಾರೆ. ಆ ಕಥೆ ಇಷ್ಟು ಕಾಲ ಉಳಿದಿರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಯಾರ ಚಪ್ಪಲಿ ಎಲ್ಲಿರಬೇಕು ಎಂಬ ಊರಿನ ಲೆಕ್ಕವನ್ನು ಅದು ತಲೆಕೆಳಗು ಮಾಡುತ್ತದೆ.

ಇದೇ ಲೆಕ್ಕವನ್ನು ಬ್ರಿಟಿಷರೂ ಚೆನ್ನಾಗಿ ಕಲಿತರು. ಗವರ್ನರ್ ಜನರಲ್ ಆ್ಯಮ್ಹರ್ಸ್ಟ್ 1820ರ ದಶಕದಲ್ಲಿ ತನ್ನ ಮುಂದೆ ಬರುವ ಭಾರತೀಯರು ಜೋಡು ಬಿಟ್ಟೇ ಬರಬೇಕೆಂದು ಹಟ ಹಿಡಿದ. ಡಾಲ್‌ಹೌಸಿಯ ಕಾಲದಲ್ಲಿ ಅದು ಸರ್ಕಾರಿ ಕಟ್ಟಡಗಳಿಗೂ ಹಬ್ಬಿತು. ಯುರೋಪಿನ ಉಡುಪು ತೊಟ್ಟವರಿಗೆ ಮಾತ್ರ ವಿನಾಯಿತಿ. 1862ರಲ್ಲಿ ಸೂರತ್ತಿನ ಕೋರ್ಟಿನಲ್ಲಿ ಅಸೆಸರ್ ಆಗಿದ್ದ ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬುವರು ಬಿಡಲೊಲ್ಲೆ ಎಂದರು. ಸೆಷನ್ಸ್ ಜಡ್ಜ್ ಅವರನ್ನು ಒಳಗೆ ಬಿಡಲಿಲ್ಲ. ಅವರು ಮುಂಬಯಿ ಗವರ್ನರಿಗೆ ಪ್ರತಿಭಟನೆಯ ಪತ್ರ ಬರೆದರು. ‘ನಿಮ್ಮ ಗುಡಿಯಲ್ಲಿ, ಮನೆಯಲ್ಲಿ ಬಿಡುತ್ತೀರಲ್ಲ, ಇಲ್ಲಿ ಬಿಡಲು ಏನು?’ ಎಂಬುದು ಬ್ರಿಟಿಷರ ವಾದ. ಅದಕ್ಕೆ ಭಾರತೀಯರು ಕೊಟ್ಟ ಉತ್ತರ ಈಗಲೂ ಕೆಲಸಕ್ಕೆ ಬರುತ್ತದೆ: ಮನೆಯಲ್ಲಿ ನೆಲದ ಮೇಲೆ ಕೂರುತ್ತೇವೆ, ಕೊಳೆ ಬರಬಾರದೆಂದು ಬಿಡುತ್ತೇವೆ, ಕೋರ್ಟು ಮನೆಯಲ್ಲ. ನಾನಾದರೆ ಇನ್ನೊಂದು ಮಾತು ಸೇರಿಸುತ್ತಿದ್ದೆ: ಮನೆಯಲ್ಲಿ ಯಜಮಾನನೂ ಬಿಟ್ಟಿರುತ್ತಾನೆ, ಕೋರ್ಟಿನಲ್ಲಿ ಜಡ್ಜ್ ಸಾಹೇಬ ಬೂಟು ಹಾಕಿಕೊಂಡೇ ಕುಳಿತಿದ್ದ.

ಈ ಅಳತೆಗೋಲು ಹಿಡಿದು ಇವತ್ತಿನ ಫ್ಲ್ಯಾಟಿಗೆ ಬಂದರೆ ಸ್ವಲ್ಪ ಮುಜುಗರವಾಗುತ್ತದೆ. ಮನೆಯವರ ಕಾಲಲ್ಲಿ ‘ಮನೆಯೊಳಗಿನ ಚಪ್ಪಲಿ’, ಮೆತ್ತಗಿನದು. ಬಂದವರದು ಡಿಸೆಂಬರಿನ ಚಳಿಯಲ್ಲಿ ಗ್ರಾನೈಟಿನ ಮೇಲೆ ಬರಿಗಾಲು. ಬಾತ್‌ರೂಮಿಗೆ ಹೋದರೆ ನೆಲ ಒದ್ದೆ; ಅಲ್ಲಿಂದ ಬಂದು ಕಾಲುಚೀಲ ತೊಟ್ಟರೆ ಅದೂ ಒದ್ದೆ. ಇನ್ನರ್ಧ ಗಂಟೆ ಆ ಒದ್ದೆ ಪಾದದಲ್ಲೇ ಮನೆ ತೋರಿಸಿಕೊಂಡು, ಮಾಡ್ಯುಲರ್ ಕಿಚನ್ ಹೊಗಳಿ ಬರಬೇಕು. ನೆಂಟರಿಗೆಂದು ನಾಲ್ಕು ಜೊತೆ ಹವಾಯಿ ಚಪ್ಪಲಿ ತಂದಿಡುವುದು ದೊಡ್ಡ ಖರ್ಚೇನಲ್ಲ. ಸೋಫಾದ ಬೆಲೆ ಹೇಳಿಕೊಳ್ಳುವ ಮನೆಗಳಲ್ಲೂ ಅದು ಕಾಣುವುದು ಅಪರೂಪ.

ಆರೋಗ್ಯದ ವಾದ ಈಗ ಎಲ್ಲರ ಬಾಯಲ್ಲಿದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಚಾರ್ಲ್ಸ್ ಗೆರ್ಬಾ ಎಂಬ ಸೂಕ್ಷ್ಮಜೀವಿ ತಜ್ಞರ ಪರೀಕ್ಷೆಯನ್ನು ಇದಕ್ಕೆ ಎತ್ತಿ ಹೇಳುವುದುಂಟು. ಹೆಚ್ಚಿನ ಷೂಗಳ ಅಟ್ಟೆಯಲ್ಲಿ ಮಲದಿಂದ ಬರುವ ಜಾತಿಯ ಬ್ಯಾಕ್ಟೀರಿಯಾ ಸಿಕ್ಕವು ಎಂಬುದು ಅದರ ಸಾರ. ಅದಕ್ಕೆ ಹಣ ಕೊಟ್ಟದ್ದು ಒಂದು ಷೂ ಕಂಪನಿ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಅಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ಮನೆಯವರೆಲ್ಲ ಕಾಯಿಲೆ ಬೀಳುವುದಿಲ್ಲ. ನಮ್ಮ ರಸ್ತೆಯ ಉಗುಳು, ಸಗಣಿ, ಮಳೆಗಾಲದಲ್ಲಿ ಉಕ್ಕುವ ಚರಂಡಿಯನ್ನು ಕಂಡವರಿಗೆ ಇಷ್ಟು ದೂರದ ಸಾಕ್ಷಿಯೂ ಬೇಕಿಲ್ಲ. ನೆಲದಲ್ಲಿ ಹರಿದಾಡುವ ಕೂಸು ಮನೆಯಲ್ಲಿದ್ದರಂತೂ ಮಾತೇ ಇಲ್ಲ. ಆದರೆ ಬರಿಗಾಲು ಎಂದರೆ ಶುದ್ಧ ಎಂಬುದೂ ಭ್ರಮೆ. ಕೊಕ್ಕೆಹುಳ ಮೈಯೊಳಗೆ ಸೇರುವುದೇ ಮಣ್ಣಿನಲ್ಲಿ ಓಡಾಡುವ ಬರಿಗಾಲಿನ ಚರ್ಮ ಕೊರೆದುಕೊಂಡು. ಕಾರಿಡಾರಿನಲ್ಲಿ ಚಪ್ಪಲಿ ಬಿಟ್ಟು, ಅಲ್ಲಿಂದ ಬಾಗಿಲ ತನಕ ಬರಿಗಾಲಲ್ಲಿ ಬಂದವನ ಪಾದಕ್ಕೆ ಕಾರಿಡಾರಿನದೆಲ್ಲ ಮೆತ್ತಿರುತ್ತದೆ. ತಂಬಿಗೆ ನೀರು ಬರಿಯ ಉಪಚಾರವಾಗಿರಲಿಲ್ಲ.

ಇದೆಲ್ಲ ನೆಂಟರ ಮಾತಾಯಿತು. ಹೆಚ್ಚು ಒರಟುತನ ಕಾಣುವುದು ಕೆಲಸಕ್ಕೆ ಬಂದವರ ವಿಷಯದಲ್ಲಿ. ‘ಹಾಕ್ಕೊಂಡೇ ಬನ್ನಿ’ ಎಂಬ ಸುಳ್ಳಿನ ಸೌಜನ್ಯವೂ ಅವರಿಗಿಲ್ಲ, ‘ಏಯ್, ಚಪ್ಪಲಿ!’ ಎಂಬ ಒಂದೇ ಮಾತು. ಗ್ಯಾಸ್ ತರುವವನ ಹೆಗಲ ಮೇಲಿರುವುದು 14.2 ಕೆಜಿ ಅನಿಲ, ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಕಬ್ಬಿಣ. ಅದನ್ನು ಹೊತ್ತುಕೊಂಡೇ ಅವನು ಹೊಸ್ತಿಲಲ್ಲಿ ಚಪ್ಪಲಿ ಕಳಚಿ, ಆಗತಾನೆ ಒರೆಸಿದ ಜಾರುವ ಟೈಲ್ಸಿನ ಮೇಲೆ ಅಡುಗೆಮನೆ ತನಕ ನಡೆಯಬೇಕು. ಸಿಲಿಂಡರು ಕಾಲಬೆರಳ ಮೇಲೆ ಇಳಿದರೆ ಗತಿ? ಎಲೆಕ್ಟ್ರಿಷಿಯನ್ನನದು ಇನ್ನೂ ಗಂಭೀರ. ಕರೆಂಟಿನ ಕೆಲಸದಲ್ಲಿ ಒಣಗಿದ ರಬ್ಬರ್ ಅಟ್ಟೆ ಅವನಿಗೂ ನೆಲಕ್ಕೂ ನಡುವಿನ ತಡೆ. ಅದನ್ನು ಬಾಗಿಲಲ್ಲಿ ಬಿಡಿಸಿ, ಬರಿಗಾಲಲ್ಲಿ ನಿಲ್ಲಿಸಿ, ಸ್ವಿಚ್‌ಬೋರ್ಡ್ ಬಿಚ್ಚಿಸುವುದು ನೆಲದ ಹೊಳಪಿಗಾಗಿ ಇನ್ನೊಬ್ಬನ ಜೀವದ ಜೊತೆ ಆಡುವ ಆಟ. ಇಂಥ ಕಡೆ ನಿಯಮ ಸಡಿಲಿಸಬೇಕಾದವರು ಮನೆಯವರೇ, ಅದೂ ಅವನು ಕೇಳುವ ಮೊದಲು. ಶಾಸಕರು ಬೂಟು ಹಾಕಿಕೊಂಡೇ ಹಾಲಿಗೆ ಬಂದು ಕುಳಿತು ಫೋಟೊ ತೆಗೆಸಿಕೊಂಡಾಗ ಅದೇ ನೆಲಕ್ಕೆ ಏನೂ ಆಗಿರುವುದಿಲ್ಲವಲ್ಲ.

ವಿನಾಯಿತಿಗೆ ಇನ್ನೂ ಅರ್ಹರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಕಡಿಮೆಯಾದವರಿಗೆ, ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ. ಚುಚ್ಚಿದ್ದು, ಸುಟ್ಟಿದ್ದು ಗೊತ್ತಾಗದೆ ಹುಣ್ಣಾಗಿ, ಬೆರಳು ಕಳೆದುಕೊಂಡವರಿದ್ದಾರೆ. ಅವರು ಹಾಕುವ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಔಷಧಿಯ ಲೆಕ್ಕಕ್ಕೆ ಸೇರಿಸಬೇಕು. ಪೋಲಿಯೊದಿಂದ ಕ್ಯಾಲಿಪರ್ ಹಾಕಿಕೊಂಡವರಿಗೆ ಷೂ ಬಿಡಿ ಎಂದರೆ ನಡೆಯುವುದನ್ನೇ ಬಿಡಿ ಎಂದ ಹಾಗೆ. ಕೆಲವು ಹಿರಿಯರು ನೆಂಟರ ಮನೆಗೆ ಹೋಗುವಾಗ ಒಳಗಡೆಗೆಂದೇ ಇನ್ನೊಂದು ಜೊತೆಯನ್ನು ಬಟ್ಟೆಯ ಚೀಲದಲ್ಲಿ ಒಯ್ಯುತ್ತಾರೆ. ಒಯ್ಯದವರಿದ್ದರೆ ಒದ್ದೆ ಬಟ್ಟೆಯಲ್ಲಿ ಅಟ್ಟೆ ಒರೆಸಿಕೊಟ್ಟರೆ ಸಾಕು.

ಬಾಗಿಲಲ್ಲಿ ಷೂ ಬಿಡಬೇಕೇ ಬೇಡವೇ ಎಂಬುದು ಅಮೆರಿಕದಲ್ಲಿ ಈಗಲೂ ಮುಗಿಯದ ಜಗಳ. ಅಲ್ಲಿ ಬಹಳ ಜನರಿಗೆ ಷೂ ಉಡುಪಿನ ಭಾಗ. ಬಾಗಿಲಲ್ಲಿ ಬಿಡಿಸುವುದು ಅರ್ಧ ಬಟ್ಟೆ ಬಿಚ್ಚಿಸಿದ ಹಾಗೆ. 2003ರಲ್ಲಿ ‘ಸೆಕ್ಸ್ ಆ್ಯಂಡ್ ದಿ ಸಿಟಿ’ ಧಾರಾವಾಹಿಯ ಒಂದಿಡೀ ಕಂತೇ ಪಾರ್ಟಿ ಮನೆಯ ಬಾಗಿಲಲ್ಲಿ ಬಿಟ್ಟು ಕಳೆದುಹೋದ ದುಬಾರಿ ಷೂ ಮೇಲೆ ಬಂತು. ಅಲ್ಲಿಯ ಕನ್ನಡಿಗರ ಮನೆಗಳಲ್ಲಿ ಜಗಳವೇನಿಲ್ಲ. ಸತ್ಯನಾರಾಯಣ ಪೂಜೆಯ ದಿನ ಬಾಗಿಲಲ್ಲಿ, ಗರಾಜಿನಲ್ಲಿ ಹಿಮ ಮೆತ್ತಿದ ಬೂಟುಗಳ ರಾಶಿ ಬೀಳುತ್ತದೆ. ನೆಲಕ್ಕೆ ಕಾರ್ಪೆಟ್ ಇರುವುದರಿಂದ ಕಾಲು ತಣ್ಣಗಾಗುವುದಿಲ್ಲ.

ಮನೆಯವರ ಪಾಲಿನ ಕೆಲಸದಲ್ಲಿ ನಮಗಿಂತ ಮುಂದಿರುವವರು ಜಪಾನಿನವರು. ಅಲ್ಲಿ ಬಾಗಿಲ ಒಳಗೇ ಗೆಂಕಾನ್ ಎಂಬ ತಗ್ಗಿನ ಜಾಗವಿರುತ್ತದೆ. ಷೂ ಅಲ್ಲಿಯೇ ನಿಲ್ಲುತ್ತದೆ, ಮನೆಯವರು ಸ್ಲಿಪ್ಪರ್ ಇಟ್ಟಿರುತ್ತಾರೆ, ಟಾಯ್ಲೆಟ್ಟಿಗೆ ಬೇರೆಯದೇ ಜೊತೆ. ಬಿಟ್ಟ ಷೂಗಳನ್ನು ಹೊರಡುವಾಗ ಕಾಲು ಸಲೀಸಾಗಿ ತೂರುವ ಹಾಗೆ ಬಾಗಿಲ ಕಡೆಗೆ ತಿರುಗಿಸಿಡುತ್ತಾರೆ. ಅಷ್ಟು ದೂರ ಯಾಕೆ, ಗುರುದ್ವಾರಗಳನ್ನು ನೋಡಿ. ಬಾಗಿಲಲ್ಲೇ ಪಾದ ತೊಳೆಯಲು ಹರಿಯುವ ನೀರು. ಜೋಡು ಇಸಿದುಕೊಂಡು ಟೋಕನ್ ಕೊಡುವವರು ಸೇವೆಗೆಂದು ಬಂದ ಭಕ್ತರು; ಅವರ ಪೈಕಿ ಯಾವ ಊರಿನ ಶ್ರೀಮಂತನಿದ್ದಾನೋ ಗೊತ್ತಾಗದು. ಬಂದವರ ಚಪ್ಪಲಿ ಮುಟ್ಟುವುದೇ ಅಲ್ಲಿ ಪುಣ್ಯದ ಕೆಲಸ. ನಮ್ಮ ದೇವಸ್ಥಾನಗಳು ಅದೇ ಕೆಲಸವನ್ನು ಟೆಂಡರ್ ಕರೆದು ಗುತ್ತಿಗೆಗೆ ಕೊಟ್ಟಿವೆ.

ಗೆಂಕಾನಿನಂಥ ಜಾಗ ನಮ್ಮ ಫ್ಲ್ಯಾಟುಗಳಲ್ಲಿಲ್ಲ, ಬಾಗಿಲು ತೆಗೆದರೆ ನೇರ ಹಾಲ್. ಈಶಾನ್ಯದಲ್ಲಿ ದೇವರ ಮೂಲೆ, ಆಗ್ನೇಯದಲ್ಲಿ ಒಲೆ, ಎಲ್ಲವನ್ನೂ ವಾಸ್ತು ನೋಡಿ ಕೂರಿಸಿರುತ್ತಾರೆ. ಬಂದವರು ಕುಳಿತು ಲೇಸು ಬಿಚ್ಚಲು ಒಂದು ಮೂರಡಿಯ ಕಟ್ಟೆ ಮಾತ್ರ ನಕ್ಷೆಯಲ್ಲಿ ಇರುವುದಿಲ್ಲ. ಹಾಗಾಗಿ ಚಪ್ಪಲಿ ಸ್ಟ್ಯಾಂಡು ಕಾರಿಡಾರಿಗೆ ಬರುತ್ತದೆ. ಬೆಂಕಿ ಬಿದ್ದರೆ ಓಡಿಹೋಗುವ ದಾರಿ ಅದೇ ಆದ್ದರಿಂದ ಅಸೋಸಿಯೇಷನ್ನಿನವರು ನೋಟಿಸ್ ಅಂಟಿಸುತ್ತಾರೆ, ದಂಡ ಹಾಕುತ್ತಾರೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ವಾರಗಟ್ಟಲೆ ಜಗಳ. ಅವರು ಹೇಳುವುದು ಸರಿ, ಸ್ಟ್ಯಾಂಡ್ ಇಟ್ಟವರಿಗೂ ಬೇರೆ ದಾರಿಯಿಲ್ಲ. ಹೊಸ ಪ್ರಾಜೆಕ್ಟುಗಳಲ್ಲಿ ಮಾದರಿ ಮನೆ ತೋರಿಸುವ ಸೇಲ್ಸ್ ಹುಡುಗರು ಬಾಗಿಲಲ್ಲೇ ಷೂ ಮೇಲೆ ಹಾಕಿಕೊಳ್ಳಲು ನೀಲಿ ಪ್ಲಾಸ್ಟಿಕ್ ಕವರ್ ಕೊಡುತ್ತಾರೆ. ಅದನ್ನು ಹಾಕಿಕೊಳ್ಳಲು ಎಲ್ಲಿ ಕೂರಬೇಕು ಎಂದು ಕೇಳಿ ನೋಡಿ; ಕ್ಲಬ್‌ಹೌಸಿನ ನಕ್ಷೆ ತೆಗೆದು ತೋರಿಸುತ್ತಾರೆ.